ಹೆಪ್ಪು

ವಫ್ರಾದಲ್ಲಿ ಜನವರಿಯ ಆ ಬೆಳಿಗ್ಗೆ
ನಲ್ಲಿ ತಿರುಗಿಸಿದರೆ ಪೈಪು ಕೆಮ್ಮಿತು, ನೀರು ಬರಲಿಲ್ಲ.
ಟೊಮೆಟೊ ಸಾಲಿನ ಪ್ಲಾಸ್ಟಿಕ್ಕಿನ ಮೇಲೆ
ಯಾರೋ ಉಪ್ಪು ಚೆಲ್ಲಿ ಹೋದ ಹಾಗಿತ್ತು.
ಬೆರಳಿಟ್ಟೆ. ಉಪ್ಪಲ್ಲ. ಕಚ್ಚಿತು.

ಕುಂದಾಪುರದಲ್ಲಿ ಹುಟ್ಟಿದವನಿಗೆ ಇಬ್ಬನಿ ಗೊತ್ತು,
ಮಂಜು ಗೊತ್ತು:
ಎಂಟು ಗಂಟೆಗೆ ಕಾಫಿ ಕುಡಿದು ಎದ್ದು ಹೋಗುವ ನೆಂಟ.
ಇದಕ್ಕೆ ನನ್ನ ಬಾಯಲ್ಲಿ ಹೆಸರಿರಲಿಲ್ಲ.
ಇಬ್ಬನಿಗೆ ರಾತ್ರಿ ಯಾರೋ
ಒಂದು ಚಮಚ ಹೆಪ್ಪು ಹಾಕಿಟ್ಟಿದ್ದಾರೆ,
ಅಂದುಕೊಂಡೆ.
ಆಮೇಲೆ ಕೇಪಳದ ನೆನಪಾಗಿ ಓಡಿದೆ.

ಫ್ಲೇವಿಯಾ ಸಿಸ್ಟರ್ ಅದನ್ನು ಕಿನ್ನಿಗೋಳಿಯಿಂದ
ಒದ್ದೆ ಬಟ್ಟೆಯಲ್ಲಿ ಸುತ್ತಿ
ಒಣಮೀನಿನ ಪೊಟ್ಟಣದ ಪಕ್ಕ ಮಲಗಿಸಿ ತಂದದ್ದು.
ಕ್ಲಿನಿಕ್ಕಿನ ಹಿಂಗೋಡೆಯ ಬುಡದಲ್ಲಿ ನೆಟ್ಟು
ಮೊಸರಿನ ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದ್ದರು.
ಒಂಬತ್ತು ವರ್ಷ. ಐವತ್ತು ಡಿಗ್ರಿಯ ಜುಲೈಯಲ್ಲೂ
ಹಸಿರು ಬಿಟ್ಟುಕೊಡದ ಹಟಮಾರಿ.
ಕಾಂಟ್ರ್ಯಾಕ್ಟು ಮುಗಿದು ಹೊರಟಾಗ ಏನೂ ಹೇಳಲಿಲ್ಲ,
ಮಗ್ಗು ನನ್ನ ಕೈಗೆ ಕೊಟ್ಟು ವ್ಯಾನು ಹತ್ತಿದರು.

ಒಂದೇ ರಾತ್ರಿಗೆ ಎಲೆಗಳೆಲ್ಲ
ಬೇಯಿಸಿದ ಬಸಳೆಯ ಹಾಗೆ ಜೋತವು.
ಮೂರನೆಯ ದಿನ ಚಹಾದ ಚರಟ.
ವಾರಕ್ಕೆ, ಹಪ್ಪಳ.

ಡಾಕ್ಟರ್ ಸಲ್ವಾ ಕಿಟಕಿಯಿಂದ ನೋಡಿ
ಹೋಯಿತು ಅಂದರು, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲೇ.
ಶುಕ್ರವಾರದ ಸಂತೆಯಲ್ಲಿ ಮೂರು ದಿನಾರಿಗೆ ಬೇರೆ ಸಿಗುತ್ತದಂತೆ.
ಕತ್ತರಿ ಹುಡುಕಿದೆ. ಬ್ಯಾಂಡೇಜಿನದೇ ಸಿಕ್ಕಿತು.

ಪಕ್ಕದ ತೋಟದ ಲೋಕೇಂದ್ರ, ಜುಮ್ಲಾದವ,
ಬೇಲಿಯಾಚೆಯಿಂದಲೇ ಕೂಗಿ ತಡೆದ.
ಅವನ ಊರಲ್ಲಿ ಇದಕ್ಕೆ ಹೆಸರುಂಟು: ತುಸಾರೋ.
ತುಷಾರ! ನನ್ನಕ್ಕನ ಮಗನ ಹೆಸರು!
ಎಲೆ ಸುಡುವ ಹೆಸರೆಂದು
ತೊಟ್ಟಿಲಲ್ಲಿ ಹಾಕುವಾಗ ಯಾರಿಗೆ ಗೊತ್ತಿತ್ತು.

ಈಗ ಕತ್ತರಿಸಬೇಡ, ಅಂದ.
ಸತ್ತ ಎಲೆಯೇ ಕೆಳಗಿನ ಕಣ್ಣಿಗೆ ಕಂಬಳಿ.
ಇನ್ನೊಂದು ಚಳಿ ಬಂದರೆ ಮೊದಲು ಅದನ್ನೇ ತಿನ್ನಲಿ.
ಗೊಬ್ಬರ ಬೇಡ,
ಜ್ವರ ಬಿಟ್ಟವನಿಗೆ ಬಿರಿಯಾನಿ ಕೊಡುತ್ತೀಯಾ?
ಉಗುರಿನಿಂದ ತೊಗಟೆ ಗೀರಿ ನೋಡು.

ತುದಿಯಲ್ಲಿ ಗೀರಿದೆ: ಕಂದು.
ಗೇಣು ಕೆಳಗೆ: ಕಂದು.
ಮಣ್ಣಿಗೆ ನಾಲ್ಕು ಬೆರಳು ಮೇಲೆ
ಹಸಿರೋ, ನನ್ನ ಆಸೆಯೋ,
ಸೂಜಿಮೊನೆಯಷ್ಟು.

ರಾತ್ರಿ ಗೋಣಿ ಹೊದಿಸು, ಬೆಳಿಗ್ಗೆ ತೆಗೆ.
ಮಾತ್ರೆಯ ಲಕೋಟೆಯ ಮೇಲೆ ಬರೆಯುವ ಹಾಗೆ
ಒಂದು, ಸೊನ್ನೆ, ಒಂದು.
ಸಕ್ಕರೆ ಕಾಯಿಲೆಯ ಮುದುಕರೊಬ್ಬರು
ಸರದಿ ಬಿಟ್ಟು ಬಂದು ನೋಡಿ ಹೋಗುತ್ತಿದ್ದರು,
ನಾಡಿ ಹಿಡಿಯುವವರಂತೆ ಒಂದು ಕಡ್ಡಿ ಹಿಡಿದು.

ಮಾರ್ಚಿಯ ಮೊದಲ ಧೂಳುಗಾಳಿ
ಹಪ್ಪಳಗಳನ್ನೆಲ್ಲ ಒಯ್ದಿತು. ಬರೀ ಕಡ್ಡಿ.
ಇಪ್ಪತ್ತೆರಡರವರೆಗೆ ತಡೆದೆ.
ಆಮೇಲೆ ಕತ್ತರಿ ಹಾಕಿದೆ.
ಟಪ್. ಟಪ್. ನಾಲ್ಕೂ ಒಣ ಸದ್ದು.
ಐದನೆಯದು ಸದ್ದು ಮಾಡಲಿಲ್ಲ.
ಕತ್ತರಿಯ ಬಾಯಿ ಒದ್ದೆ.

ಲೋಕೇಂದ್ರನಿಗೆ ಇನ್ನೂ ಹೇಳಿಲ್ಲ.
ಆ ತುಂಡು ಕೆಮ್ಮಿನ ಔಷಧದ ಖಾಲಿ ಬಾಟಲಿಯಲ್ಲಿ
ನೀರು ಕುಡಿಯುತ್ತ ಕೂತಿದೆ, ಕಪಾಟಿನ ಮೇಲೆ.
ಬುಡ ಹೊರಗೆ.
ಚಳಿ ಹೋಗಿ ವಾರಗಳಾದರೂ
ಸಂಜೆಯಾದರೆ ಕೈ ತಾನೇ ಗೋಣಿ ಹುಡುಕುತ್ತದೆ.

ಕಿನ್ನಿಗೋಳಿಯಿಂದ ಫೋನು ಬಂದರೆ
ಮೊದಲ ಪ್ರಶ್ನೆ ಅದೇ ಇರುತ್ತದೆ.
ಉಂಟು ಅನ್ನುತ್ತೇನೆ.
ಎರಡು ಕಡೆ ಉಂಟು.