ಕ್ಲೇಮ್ ಇಲ್ಲದ ಐದು ವರ್ಷ

ನಂಜುಂಡಾರಾಧ್ಯರು ಕನ್ನಡಕ ಹಣೆಗೇರಿಸಿ ಹೇಳಿದರು:
"ಕಂಪನಿಗೆ ವಯಸ್ಸು ಬೇಡ ಕಣಮ್ಮ,
ಓಡಿಸೋರ ಹತ್ರ ಲೈಸೆನ್ಸಿದ್ರೆ ಸಾಕು.
ಹತ್ತೊಂಬತ್ತಾದ್ರೂ ಒಂದೇ, ಅರವತ್ತಾದ್ರೂ ಒಂದೇ.
ವಿಮೆ ಇರೋದು ಕಾರಿಗೆ."

ನಮ್ಮ ಮನೆಯಲ್ಲಿ ಹಾಗಿಲ್ಲ.
ಲಾಂಛನ ಬೀಗದಕೈ ತೆಗೆದುಕೊಂಡ ದಿನದಿಂದ
ಬೇರೆಯೇ ಒಂದು ಕಂತು ಶುರುವಾಗಿದೆ.
ಬೋಗಾದಿ ದಾಟಿದಳೆ, ರಿಂಗ್ ರೋಡಿಗೆ ಬಂದಳೆ,
ಹಾಲು ಒಲೆಯ ಮೇಲೆ, ಕಿವಿ ಗೇಟಿನ ಮೇಲೆ.
ಫೋನು ಮಾಡುವಂತಿಲ್ಲ, ಓಡಿಸುತ್ತಿರುತ್ತಾಳೆ.
ಮಾಡದೆ ಇರುವಂತೆಯೂ ಇಲ್ಲ.
ಇದಕ್ಕೆ ರಸೀದಿ ಹರಿದು ಕೊಡುವವರಿಲ್ಲ.

ಅವತ್ತು ಆದದ್ದು ಇಷ್ಟೇ:
ಒಂಟಿಕೊಪ್ಪಲಿನ ತಿರುವಿನಲ್ಲಿ
ಸೊಪ್ಪಿನ ಗಾಡಿ ತಪ್ಪಿಸಲು ಹೋಗಿ
ಎಡಗಡೆಯ ಎರಡೂ ಬಾಗಿಲು
ದೀಪದ ಕಂಬಕ್ಕೆ ಮೈ ಉಜ್ಜಿಕೊಂಡು ಹೋದವು.
ಯಾರಿಗೂ ಏನೂ ಆಗಲಿಲ್ಲ.
ಒಂದು ಕಂತೆ ದಂಟು ನೆಲಕ್ಕೆ ಬಿತ್ತು.
ಸೊಪ್ಪಿನಾಕೆಯೇ ಇವಳಿಗೆ ನೀರು ಕುಡಿಸಿ
"ಅಳಬ್ಯಾಡ ಕಣವ್ವ, ತಗಡು ತಾನೆ" ಅಂದಳಂತೆ.
ನೂರರ ನೋಟು ಕೊಡಲು ಹೋದರೆ
ದಂಟಿನ ಹತ್ತು ರೂಪಾಯಿ ಮುರಿದುಕೊಂಡು
ಉಳಿದ ಚಿಲ್ಲರೆ ಎಣಿಸಿಕೊಟ್ಟಳಂತೆ.

ರಾತ್ರಿ ಇವರು ಯಾರದೋ ನಾಮಕರಣದ
ಆಮಂತ್ರಣದ ಬೆನ್ನಿನ ಮೇಲೆ ಲೆಕ್ಕ ಬರೆದರು.
ಬನ್ನಿಮಂಟಪದ ಮುನಾವರ್ ಕೇಳಿದ್ದು ಹದಿನಾಲ್ಕು ಸಾವಿರ.
ಸವಕಳಿ ಕಳೆದು ಕಂಪನಿ ಕೊಡುವುದು ಒಂಬತ್ತು.
ಕ್ಲೇಮ್ ಹಾಕಿದರೆ ಬೋನಸ್ ಹೋಗುತ್ತದೆ,
ಐದು ವರ್ಷ ಏನೂ ಆಗದೆ ಇದ್ದುದಕ್ಕೆ ಸಿಕ್ಕ
ಅರ್ಧಕ್ಕರ್ಧ ರಿಯಾಯಿತಿ.
ಮತ್ತೆ ಒಂದೊಂದೇ ಮೆಟ್ಟಿಲು ಹತ್ತಿ
ಅಲ್ಲಿಗೆ ಬಂದು ನಿಲ್ಲುವಷ್ಟರಲ್ಲಿ ಹನ್ನೊಂದು ಸಾವಿರ ಖರ್ಚು.
"ಕಟ್ಟೋದೂ ನಾವೇ,
ಕೇಳೋಕೆ ಹೆದರೋದೂ ನಾವೇ" ಅಂತ
ಪೆನ್ನಿನ ಟೋಪಿ ಮುಚ್ಚಿದರು.

ನಿಜವಾಗಿ ಅದು ಇವರ ಸಂಪಾದನೆ.
ಐವತ್ತರ ಆಚೆಗೆ ಮುಳ್ಳು ಹೋಗಲು ಬಿಟ್ಟವರಲ್ಲ.
ಶ್ರೀರಂಗಪಟ್ಟಣಕ್ಕೆ ಒಂದು ಗಂಟೆ.
ಹಿಂದೆ ಬಸ್ಸಿನವನು ಹಾರ್ನು ಬಡಿದರೆ
"ಅವಸರ ಅವನದು" ಅನ್ನುತ್ತ
ತುಳಸಿಕಟ್ಟೆ ಸುತ್ತಿದ ಹಾಗೆ ಹೋಗುವವರು.

ಹನ್ನೊಂದು ದಿನ ಲಾಂಛನ ಸಿಟಿ ಬಸ್ಸಿನಲ್ಲಿ ಹೋದಳು.
ಬೀಗದಕೈ ಮೊಳೆಯಲ್ಲಿ ನೇತಾಡಿತು.
"ಮುಟ್ಟದೆ ಇದ್ರೆ ಒಳ್ಳೇದೇ, ಬೋನಸ್ ಭದ್ರ"
ಅಂದರು ಇವರು, ತಮಾಷೆಗೇ.

ನನಗೆ ಸಾರು ಬಡಿಸುವ ಸೌಟು ಅಲ್ಲೇ ನಿಂತಿತು.
ಮಂಡ್ಯದಲ್ಲಿ, ನನ್ನ ಇಪ್ಪತ್ತರಲ್ಲಿ,
ಅಣ್ಣನ ಫಿಯೆಟ್ಟು ಎಂಟು ದಿನ ಕಲಿತಿದ್ದೆ.
ಒಂಬತ್ತನೆಯ ದಿನ ಹಾಲಿನ ಡೈರಿಯ ಗೋಡೆ.
ಯಾರೂ ಬೈಯಲಿಲ್ಲ.
ಬೀಗದಕೈ ಮಾತ್ರ ಅಣ್ಣನ ಜೇಬಿಗೆ ವಾಪಸು ಹೋಯಿತು,
ಅಮ್ಮ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.
ಆಮೇಲೆ ಇಲ್ಲಿಯವರೆಗೆ
ನನ್ನಿಂದ ಏನೂ ಆಗಿಲ್ಲ.
ಪೂರ್ತಿ ಬೋನಸ್ಸು.

ನಲವತ್ತು ಸೀರೆಗೆ ಕುಚ್ಚು ಕಟ್ಟಿದರೆ
ಹದಿನಾಲ್ಕು ಸಾವಿರ.
ದಸರೆಗೆ ಮೊದಲಿನ ಆ ದುಡ್ಡು
ಅಕ್ಕಿ ಡಬ್ಬದ ಹಿಂದೆ ಬೇರೆ ಏನಕ್ಕೋ ಇತ್ತು.
ಏನಕ್ಕೆ ಅಂತ ಈಗ ಹೇಳುವುದಿಲ್ಲ.
ಮುನಾವರನ ಕೈಗೆ ನಾನೇ ಎಣಿಸಿದೆ.
ಬಾಗಿಲಿನ ಬಣ್ಣ ಒಂದು ಎಳೆ ತಿಳಿಯಾಗಿದೆ,
ಬಿಸಿಲಿಗೆ ಹಿಡಿದರೆ ಕಾಣುತ್ತದೆ;
ಇವರು ದಿನಾ ಬಿಸಿಲಿಗೆ ಹಿಡಿಯುತ್ತಾರೆ.

ಭಾನುವಾರ ಬೆಳಿಗ್ಗೆ
ಮೊಳೆಯಿಂದ ತೆಗೆದು ಅವಳ ಅಂಗೈಗೆ ಹಾಕಿದೆ.
ಬೇಡ ಅಂದಳು. ಆಮೇಲೆ ಚಪ್ಪಲಿ ಹುಡುಕಿದಳು.
ನಾನು ಎಡಗಡೆ ಕೂತೆ.
ನನ್ನ ಸೀಟಿನ ಮುಂದಿನ ಮ್ಯಾಟು
ಬಲಗಾಲು ಊರುವ ಜಾಗದಲ್ಲಿ ತೂತಾಗಿದೆ,
ಇಲ್ಲದ ಬ್ರೇಕು ಒತ್ತಿ ಒತ್ತಿ.

ಗೇರು ಒಮ್ಮೆ ಕಿರುಚಿತು.
ಇಬ್ಬರೂ ಕೇಳಿಸದ ಹಾಗೆ ಇದ್ದೆವು.
"ಯಾವ ಕಡೆ?" ಅಂದಳು ಸರ್ಕಲ್ಲಿನಲ್ಲಿ.
ಒಂಟಿಕೊಪ್ಪಲಿನ ಮೇಲೇ ಹೋಗೇ,
ದಂಟು ತರಬೇಕು, ಅಂದೆ.