ಅರ್ಧ ಮಾತ್ರೆ

ಸಿತ್ರಾ ಸೇತುವೆಯ ಮೇಲೆ ಬೆಳಗಿನ ಐದೂಕಾಲು.
ವ್ಯಾನಿನ ಹಿಂದೆ ಎರಡು ಕಂಪ್ರೆಸರ್, ಒಂದು ಏಣಿ,
ನಿನ್ನೆಯ ಖುಬ್ಬೂಸಿನ ಚೂರು.
ಫೋನಿಗೆ ಬಂದು ಕೂತಿದೆ
ಸಿಪ್ರಿಯನ್ ಲಸ್ರಾದೊನ ಆಲ್ಬಂ.
ಹತ್ತು ಹಾಡು. ಹೆಸರು ಒಂದೇ, ಅವನದು.

ಹದಿನೇಳು ವರ್ಷ ನಾಲ್ವರಿಗೂ ಸೇರಿ ಒಂದು ಹೆಸರಿತ್ತು:
ನಾಲ್ಕನೇ ಶಿಫ್ಟ್.
ಹಡಗುಕಟ್ಟೆಯ ಮೂರು ಪಾಳಿ ಮುಗಿದ ಮೇಲೆ
ಉಳಿಯುವ ಪಾಳಿ, ಸಂಬಳವಿಲ್ಲದ್ದು.
ಹೂರಾದ ಹೋಟೆಲಿನ ನೆಲಮಾಳಿಗೆ, ಗುರುವಾರ ರಾತ್ರಿ,
ಜಯಕರನ ಬೇಸ್, ಕೊಲಂಬೊದ ನಿರೋಷನ್ ಗಿಟಾರು,
ಹಿಂದೆ ನಾನು, ಡ್ರಮ್ಮಿನ ಬೇಲಿಯೊಳಗೆ,
ಮುಂದೆ ಸಿಪ್ರಿಯನ್, ಬೂಟಿಗೆ ಇನ್ನೂ ವೆಲ್ಡಿಂಗಿನ ಕಿಟ್ಟ.
"ಸದರ್ನ್ ರಾಕ್ ಅಂತ ಬೋರ್ಡಿಗೆ ಬರೆಸಿದ್ದೀರಿ,
ಯಾವ ದಕ್ಷಿಣ?" ಮ್ಯಾನೇಜರ್ ಕೇಳಿದ್ದ.
"ನೇತ್ರಾವತಿಯ ದಕ್ಷಿಣ ದಂಡೆ"
ಅಂದಿದ್ದ ಇವನು, ನಗದೆ.

ಜಗಳವೇನೂ ಆಗಲಿಲ್ಲ.
ಆಗಿದ್ದರೆ ಹೇಳಿಕೊಳ್ಳಲು ಸುಲಭ.
ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತ ಅಂದ:
"ಒಂದು ಸಲ ನನ್ನ ಸ್ವರ ಮಾತ್ರ
ಹೇಗೆ ಕೇಳುತ್ತದೆ ನೋಡಬೇಕು ಮಾರಾಯ."
"ಬಚ್ಚಲಲ್ಲಿ ಕೇಳಿಲ್ಲವಾ?" ಜಯಕರ.
ನಾವು ನಕ್ಕೆವು.
ದಾರದ ಗಂಟು ಅವನಿಗೆ ಸರಿಯಾಗಿ ಬೀಳಲಿಲ್ಲ.

ಮುಹರ್ರಕ್‌ನಲ್ಲಿ ದರ್ಜಿ ಅಂಗಡಿಯ ಮೇಲಿನ ಕೋಣೆ,
ಗೋಡೆಗೆಲ್ಲ ಕಂಬಳಿ ಹೊಡೆದು ಸ್ಟುಡಿಯೋ.
ಅಲ್ಲಿಯ ಎಸಿ ಕೂರಿಸಿದ್ದು ನಾನೇ,
ಒಂದೂವರೆ ಟನ್, ಸ್ನೇಹದ ರೇಟು.
ಹಾಡುವ ಹೊತ್ತಿಗೆ ಅದನ್ನು ಆರಿಸುತ್ತಿದ್ದರಂತೆ,
ಗುಂಯ್ ಅನ್ನುವುದು ಮೈಕಿಗೆ ಬೀಳುತ್ತದೆಂದು.
ಆಗಸ್ಟಿನ ಸೆಕೆಯಲ್ಲಿ ಬನಿಯನ್ನಿನಲ್ಲಿ ನಿಂತು ಹಾಡಿದ್ದಾನೆ.
ಹಾಗೆ ನೋಡಿದರೆ ಹತ್ತೂ ಹಾಡಿನಲ್ಲಿ ನಾನಿದ್ದೇನೆ,
ಆರಿದ ಎಸಿಯಾಗಿ.

ಮುಖಪುಟದ ಫೋಟೋ ಹಳೆಯದು,
ನಾಲ್ವರೂ ಇದ್ದದ್ದು, ಕತ್ತರಿಸಿ ಒಬ್ಬನಾಗಿದೆ.
ಅವನ ಎಡಭುಜದ ಮೇಲೆ ಮೂರು ಬೆರಳು ಉಳಿದಿವೆ.
ನಡುವಿನದಕ್ಕೆ ಉಗುರಿಲ್ಲ:
ಫ್ಯಾನಿನ ಬ್ಲೇಡಿಗೆ ಕೊಟ್ಟದ್ದು, ನನ್ನದು.

ಮೂರನೇ ಹಾಡು.
ಡ್ರಮ್ಮು ಯಂತ್ರದ್ದು. ತಪ್ಪುವುದಿಲ್ಲ, ಬೆವರುವುದಿಲ್ಲ,
ಬಾಡಿಗೆ ಕಟ್ಟುವ ಗಂಡಸಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತದೆ.
ಪಲ್ಲವಿಗೆ ಮರಳುವಾಗ ಇವನು ಯಾವತ್ತೂ
ಅರ್ಧ ಮಾತ್ರೆ ಮುಂದೆ ಓಡುತ್ತಿದ್ದ,
ಗಂಟೆ ಹೊಡೆಯುವ ಮೊದಲೇ ಚೀಲ ಹೆಗಲಿಗೇರಿಸಿದ ಹುಡುಗ.
ನಾನು ತಡೆಯುತ್ತಿದ್ದೆ, ಸ್ನೇರ್ ಮೇಲೆ ಒಂದು ಪೆಟ್ಟು.
ಅವನು ತಿರುಗಿ ನೋಡುತ್ತಿದ್ದ. ನಾನು ಹುಬ್ಬು ಹಾರಿಸುತ್ತಿದ್ದೆ.
ಹದಿನೇಳು ವರ್ಷ, ಪ್ರತಿ ಗುರುವಾರ, ಅಷ್ಟೇ ಮಾತು.

ಇಲ್ಲಿ ಓಡುವುದಿಲ್ಲ.
ನಿಲ್ಲುತ್ತಾನೆ.
ಆ ನಿಂತ ಜಾಗದಲ್ಲಿ ಒಂದು ಉಸಿರು,
ಅದು ಮೈಕಿನಿಂದ ಒಂಚೂರು ದೂರ ಸರಿಯುತ್ತದೆ,
ಕಿವಿಯಲ್ಲಿ ಬಲದಿಂದ ಎಡಕ್ಕೆ.
ಬೇರೆ ಯಾರಿಗೂ ಕೇಳಿಸಲಿಕ್ಕಿಲ್ಲ.
ಮಾರಾಯ, ತಿರುಗಿ ನೋಡಿದ್ದಾನೆ.
ಕಂಬಳಿ ಹೊಡೆದ ಗೋಡೆಯನ್ನು.

ಸೇತುವೆಯ ಬದಿಗೆ ವ್ಯಾನು ಹಾಕಿದೆ.
ನೀರು ಇಳಿದ ಕೆಸರಲ್ಲಿ ಕೊಕ್ಕರೆಗಳು
ಒಂದೊಂದೇ ಕಾಲು ಕಿತ್ತಿಟ್ಟು ನಡೆಯುತ್ತಿದ್ದವು.
ಸ್ಟೀರಿಂಗಿಗೆ ಒಂದು ಪೆಟ್ಟು ಕೊಟ್ಟೆ,
ತಡವಾಗಿ; ಹಾಡು ಆಗಲೇ ಮುಂದೆ ಹೋಗಿತ್ತು.

ರಿಫಾದಿಂದ ಫೋನು: "ಉಮರಬ್ಬಾ, ಎಲ್ಲಿದ್ದೀ,
ಮನೆಯೊಡತಿ ಬೈಯುತ್ತಿದ್ದಾಳೆ."
ಹೊರಟೆ. ಉಳಿದವೂ ಕೇಳಿದೆ.
ಒಳ್ಳೆಯ ಆಲ್ಬಂ. ಹೇಳುತ್ತೇನೆ ಅವನಿಗೆ.
ಏಳನೇ ಹಾಡು ಮಾತ್ರ ಸಪ್ಪೆ,
ಸಾಹಿತ್ಯ ಎರಡು ಸಾಲು ಹೆಚ್ಚು, ಗಂಟಲು ಬಿಗಿದಿದೆ.
ಅದನ್ನೂ ಹೇಳಬೇಕು.
ಈಗ ಹೇಳುವವರು ಯಾರಿದ್ದಾರೆ ಅವನಿಗೆ?