ನೂರ ಹದಿನೆಂಟು

ಟರ್ಲಾಕಿನಲ್ಲಿ ಹಸುಗಳಿಗೆ ಹೊಗೆ ಪರೀಕ್ಷೆಯಿಲ್ಲ.
ಎರಡು ಸಾವಿರ ಬಾಯಿ ರಾತ್ರಿಯಿಡೀ ಮೆಲುಕು ಹಾಕಿ ತೇಗುತ್ತವೆ,
ಹಿಂದೆ ಕೊಳವೆ ಹಿಡಿದು ಯಾರೂ ನಿಲ್ಲುವುದಿಲ್ಲ.
ಅವನ್ನು ಕರೆಯಲು ನಾನು ಹೋಗುವ ಕಾರಿಗೆ ಮಾತ್ರ
ಎರಡು ವರ್ಷಕ್ಕೊಮ್ಮೆ.

ಎಂಬತ್ತನಾಲ್ಕರ ಗಾಡಿ. ಪಿಸ್ಟನ್ ಇಲ್ಲ.
ಬೆನ್ನುಬ್ಬಿದ ಎರಡು ತ್ರಿಕೋನ
ಒರಳಲ್ಲಿ ಗುಂಡು ತಿರುಗಿದ ಹಾಗೆ, ಓರೆಯಾಗಿ,
ಗೋಡೆ ಸವರಿಕೊಂಡು ತಿರುಗುತ್ತವೆ.
ಎಣ್ಣೆ ಕುಡಿಯುವುದು ಅದರ ಹುಟ್ಟುಗುಣ,
ಅರ್ಧ ಸುಟ್ಟ ಪೆಟ್ರೋಲು ಉಗುಳುವುದೂ.
ಊರಿಗೆಲ್ಲ ಒಂದು ದಾರಿಯಾದರೆ
ಈ ಪೋರನಿಗೇ ಒಂದು ದಾರಿ.

ಸಾಲದ್ದಕ್ಕೆ ನನ್ನಣ್ಣ ಎವರಿಸ್ಟು
ಒಳಬಾಗಿಲು ಅರೆದು ಅಗಲ ಮಾಡಿದ್ದ,
ಏರ್ ಪಂಪ್ ಕಿತ್ತಿದ್ದ, ಕ್ಯಾಟಲಿಸ್ಟಿನ ಜಾಗಕ್ಕೆ
ಬರೀ ಕೊಳವೆ ಬೆಸೆದಿದ್ದ.
ಸಿಗ್ನಲ್ಲಿನಲ್ಲಿ ನಿಂತರೆ ಬಡಬಡ ಬಡಬಡ,
ಇಗರ್ಜಿಯೊಳಗಿನ ಮುದುಕಿಯರು ಜಪಮಾಲೆ ಬಿಟ್ಟು
ಕಿಟಕಿಗೆ ಬರುತ್ತಿದ್ದರು.
ಆಮೇಲೆ ಅವನು ಅಲಾಸ್ಕಾದ ದೋಣಿ ಹತ್ತಿದ.
ಬೀಗದಕೈ ನನ್ನ ಬೂಟಿನೊಳಗೆ ಇಟ್ಟು ಹೋಗಿದ್ದ.

ಮೊದಲ ಸಲ ನೆಂಗ್ ಮೋವಾನ ಯಂತ್ರ ಹೇಳಿತು: ಒಂಬೈನೂರ ನಲವತ್ತು.
ಇರಬೇಕಾದದ್ದು ನೂರ ಇಪ್ಪತ್ತು.
ನೆಂಗ್ ನಗಲಿಲ್ಲ. ಕಣ್ಣೊರೆಸಿಕೊಂಡ,
ಅದು ಹೊಗೆಗೆ.
'ಹೊಸ ಇಂಜಿನ್ ಹಾಕಿಸು' ಎಂದ.
ನನ್ನ ಹತ್ತಿರ ಇದ್ದದ್ದು ಇನ್ನೂರ ಹತ್ತು ಡಾಲರು,
ಅದರಲ್ಲಿ ನಲವತ್ತು ಹಲ್ಲಿನ ಡಾಕ್ಟರಿಗೆ.
ಹಲ್ಲು ಕಾಯಲಿ.

ಕೊಟ್ಟಿಗೆಯ ಅಟ್ಟದಲ್ಲಿ ಹತ್ತಿಬೀಜದ ಚೀಲ,
ಅದರೊಳಗೆ, ನಂಬಿದರೆ ನಂಬಿ,
ಅವನು ಕಿತ್ತದ್ದೆಲ್ಲ.
ಪಂಪು, ಬೆಲ್ಟು, ಹಳೆಯ ಕಾರ್ಬ್ಯುರೇಟರ್,
ಗೊಬ್ಬರದ ಬಕೆಟ್ಟಿನ ಗಾತ್ರದ ಆ ಕ್ಯಾಟಲಿಸ್ಟು,
ಒಂದೊಂದಕ್ಕೂ ಟೇಪು ಸುತ್ತಿ ಬರೆದ ಚೀಟಿ:
'ಎಡಕ್ಕೆ. ಹನ್ನೆರಡರ ಸ್ಪ್ಯಾನರ್. ತಪ್ಪಿ ಮುರಿದೆ, ಹುಷಾರು.'
ಯಾರಿಗೆಂದು ಬರೆದನೋ.
ಜೀವನದಲ್ಲಿ ಬೇರೆ ಯಾವುದಕ್ಕೂ ಅವನು ಚೀಟಿ ಅಂಟಿಸಿದ್ದು ನಾ ಕಾಣೆ.

ಮೂರು ಭಾನುವಾರ ಬೆನ್ನಮೇಲೆ ಮಲಗಿದೆ.
ಗ್ಯಾಸ್ಕೆಟ್ಟಿಗೆ ಒಂಬತ್ತು ಡಾಲರು. ಪ್ಲಗ್ಗಿಗೆ ಇಪ್ಪತ್ತಾರು.
ತುಕ್ಕು ಹಿಡಿದ ಪಂಪು ಹಾಲಿನ ಡೈರಿಯ ಗ್ರೀಸಿಗೆ ಮಣಿಯಿತು,
ಅದು ಪುಕ್ಕಟೆ, ಯಜಮಾನನಿಗೆ ಹೇಳಬೇಡಿ.
ಸ್ಕ್ರೂ ಕಾಲು ಸುತ್ತು ಒಳಗೆ: ಇಂಜಿನ್ನಿಗೆ ಹಸಿವಾಗಬೇಕು,
ಆದರೆ ಸಾಯಬಾರದು.
ಇನ್ನೂ ಕಾಲು ಸುತ್ತು.
ಸತ್ತಿತು.
ಅರೆಕಾಲು ಹಿಂದಕ್ಕೆ.

ಅಗಲವಾದ ಬಾಗಿಲನ್ನು ಮಾತ್ರ ಮತ್ತೆ ಕಿರಿದು ಮಾಡಲಾಗದು.
ಅರೆದ ಲೋಹ ಎಲ್ಲಿ ಸಿಗುತ್ತದೆ?
ಅದಕ್ಕಿರುವುದು ಬೆಂಕಿಯೊಂದೇ.
ಮಂಗಳವಾರ, ತೊಂಬತ್ತೊಂಬತ್ತರ ಹೆದ್ದಾರಿಯಲ್ಲಿ
ಮರ್ಸೆಡ್ ತನಕ ಮೂರನೇ ಗೇರಿನಲ್ಲೇ ಓಡಿಸಿ ವಾಪಸಾದೆ,
ಬಾದಾಮಿ ತೋಟಗಳೆಲ್ಲ ಕಿವಿ ಮುಚ್ಚಿಕೊಂಡ ಹಾಗಿದ್ದವು.
ಕಾಲಡಿಯ ಮ್ಯಾಟು ಕರಗಿ ಚಪ್ಪಲಿಗೆ ಅಂಟಿತು.
ಸಾಲಿನಲ್ಲಿ ನಾಲ್ಕು ಗಾಡಿ ಮುಂದಿದ್ದವು. ಆರಿಸಲಿಲ್ಲ.
ಒಲೆ ಆರಿದರೆ ಎಲ್ಲ ಮತ್ತೆ ಮೊದಲಿಂದ.

ನೆಂಗ್ ಕೊಳವೆ ಸಿಕ್ಕಿಸಿದ. ಉರುಳೆಗಳ ಮೇಲೆ ಚಕ್ರ ತಿರುಗಿತು.
ಎಲ್ಲಿಗೂ ಹೋಗದೆ ಗಂಟೆಗೆ ಹದಿನೈದು ಮೈಲಿ,
ಎಲ್ಲಿಗೂ ಹೋಗದೆ ಇಪ್ಪತ್ತೈದು.
ನೂರ ಹದಿನೆಂಟು.
ಅವನು ಪರದೆಯನ್ನು ಬೆರಳಿನಿಂದ ತಟ್ಟಿ ನೋಡಿದ.
ನೂರ ಹದಿನೆಂಟೇ.

ಹದಿನೈದು ದಿನಕ್ಕೊಮ್ಮೆ ದೋಣಿ ದಡ ಮುಟ್ಟುತ್ತದೆ, ಫೋನು ಬರುತ್ತದೆ.
'ಮೆನಾ, ಒಂದು ಸಲ ಸ್ಟಾರ್ಟ್ ಮಾಡು, ಕೇಳಬೇಕು' ಎಂದ.
ಬಾನೆಟ್ ಎತ್ತಿ, ಫೋನನ್ನು ಹತ್ತಿರ ಹಿಡಿದೆ.
ಹೊಲಿಗೆ ಮಿಷನ್ನಿನ ಹಾಗೆ ಸಣ್ಣಗೆ ಸುಂಯ್ ಎಂದಿತು.
ಆ ಕಡೆ ಕಡಲಹಕ್ಕಿಗಳ ಕಿರುಚಾಟ, ಬಹಳ ಹೊತ್ತು.

'ಯಾರ ಕಾರೇ ಅದು?'

ಮೂರು ಗಂಟೆಗೆ ಪಾಳಿ. ಹಾಲು ತುಂಬಿದ ಕೆಚ್ಚಲುಗಳು
ಕಾಯುವುದಿಲ್ಲ.
'ನಂದು' ಎಂದು ಬಾನೆಟ್ ಮುಚ್ಚಿದೆ.